ಸೇಸಪ್ಪನ ಸೌಟು, ಅರವತ್ತನಾಲ್ಕು ತೀರ್ಪುಗಾರರು

ಸೇಸಪ್ಪನನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ನಾಲ್ಕನೇ ಇಸವಿ ಆಗಸ್ಟ್ ಆರನೇ ತಾರೀಕು, ಶುಕ್ರವಾರ ಬೆಳಿಗ್ಗೆ. ಕಂಡದ್ದು ಎಂದರೆ ಎರಡು ಕಾಲು ಮಾತ್ರ. ಉಳಿದ ಸೇಸಪ್ಪ ಏಣಿಯ ಮೇಲೆ, ಅಡುಗೆಕೋಣೆಯ ಹೊಗೆ ಎಳೆಯುವ ಫ್ಯಾನಿನ ತೂತಿನೊಳಗೆ ಇದ್ದ.

ಗಲ್ಫಿನ ಆ ಪುಟ್ಟ ದ್ವೀಪದಲ್ಲಿ, ಅದ್ಲಿಯಾ ಎಂಬಲ್ಲಿ, ನಮ್ಮ ಕರಾವಳಿಯವರ ಕೂಟಕ್ಕೆ ಒಂದು ಬಾಡಿಗೆ ವಿಲ್ಲಾ ಇತ್ತು. ನಾನು ಅಲ್ಲಿ ಅಡುಗೆಗಿದ್ದೆ. ಆ ದಿನ ಆಟಿಯ ಊಟ, ನಮ್ಮ ಮಳೆಗಾಲದ ತಿಂಗಳಿನದು. ನೂರ ಎಂಬತ್ತು ಜನ. ಕೆಸುವಿನೆಲೆಯ ಪತ್ರೊಡೆ ಬೆಂದಿತ್ತು, ಹೆಸರುಬೇಳೆ ಪಾಯಸ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು, ಫ್ಯಾನು ನಿಂತುಹೋಗಿ ಹೊಗೆಯೆಲ್ಲ ಊಟದ ಹಾಲಿಗೆ ಹೋಗುತ್ತಿತ್ತು. ಎ.ಸಿ. ಮೆಕ್ಯಾನಿಕ್ ಒಬ್ಬ ಇದ್ದಾನೆ, ನಮ್ಮವನೇ, ಎಂದು ಯಾರೋ ಕರೆಸಿದ್ದರು.

ಅವನಿಗೊಂದು ಅಭ್ಯಾಸ. ಯಾರನ್ನು ಕಂಡರೂ ಮೂರು ಪ್ರಶ್ನೆ ಕೇಳುವುದು. ಊರು ಯಾವುದು, ಮನೆ ಯಾವುದು, ಬರಿ ಯಾವುದು. ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ವಂಶದ ಹೆಸರು. ಒಂದೇ ಬರಿಯವರು ಎಲ್ಲಿ ಹುಟ್ಟಿದ್ದರೂ ಅಣ್ಣ ತಂಗಿಯರ ಲೆಕ್ಕ. ತೂತಿನೊಳಗಿಂದಲೇ ಅವನು ನನ್ನನ್ನು ಊರು ಕೇಳಿದ, ಹೇಳಿದೆ. ಮನೆ ಕೇಳಿದ, ಹೇಳಿದೆ. ಮೂರನೆಯದನ್ನು ಕೇಳುವಷ್ಟರಲ್ಲಿ ಚಹಾದ ಹಾಲು ಉಕ್ಕಿತು, ನಾನು ಓಡಿದೆ. ಅವನು ಬಂಗೇರ ಬರಿಯವನು. ನಾನೂ ಬಂಗೇರ ಬರಿಯವಳೇ. ಆದರೆ ಹಾಲು ಉಕ್ಕಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು. ಆಮೇಲೆ ಅವನು ಮೂರನ್ನೂ ಕೇಳಿ ಆಗಿದೆ ಎಂದೇ ಅಂದುಕೊಂಡಿದ್ದ.

ಹತ್ತೂವರೆಗೆ ಮೇಲಿನಿಂದ ಇನ್ನೊಂದು ಪ್ರಶ್ನೆ ಬಂತು.

"ಅಕ್ಕಾ, ಪಾಯಸಕ್ಕೆ ಉಪ್ಪು ಹಾಕಿ ಆಯ್ತಾ?"

ನಮ್ಮ ಕಡೆ ಬೆಲ್ಲದ ಪಾಯಸಕ್ಕೆ ಒಂದಿಷ್ಟು ಉಪ್ಪು ಬೀಳಲೇಬೇಕು, ಇಲ್ಲದಿದ್ದರೆ ಸಿಹಿ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. "ಆಯ್ತಪ್ಪ, ಒಂದು ಹಿಡಿ ಹಾಕಿದ್ದೇನೆ" ಎಂದೆ. ಅದೇ ಹೊತ್ತಿಗೆ ಅವನು ಡ್ರಿಲ್ಲಿಂಗ್ ಮೆಷಿನ್ ಒತ್ತಿದ. ಹಾಗಾಗಿ ಹಾಲಿನಲ್ಲಿದ್ದವರಿಗೆ ಪ್ರಶ್ನೆ ಕೇಳಿಸಿತು, ಉತ್ತರ ಕೇಳಿಸಲಿಲ್ಲ.

ಹತ್ತು ನಲವತ್ತಕ್ಕೆ ಕೂಟದ ಅಧ್ಯಕ್ಷರು ವಾಮನ ಕರ್ಕೇರರು ಒಳಗೆ ಬಂದರು. ರಿಫಾದಲ್ಲಿ ಒಂದು ಗ್ಯಾರೇಜಿನ ಫೋರ್‌ಮನ್ ಅವರು, ಕೈ ದೊಡ್ಡದು. ನಾನು ಹಾಕಿ ಆಗಿದೆ ಎಂದರೂ ಕೇಳಲಿಲ್ಲ. "ನೂರ ಎಂಬತ್ತು ಜನಕ್ಕೆ ನಿಮ್ಮ ಕೈಯ ಒಂದು ಹಿಡಿ ಎಲ್ಲಿ ಸಾಕಾಗ್ತದೆ ಮಾರಾಯ್ರೆ" ಎಂದು ಒಂದು ಹಿಡಿ ಕಲ್ಲುಪ್ಪು ಎಸೆದು ಹೋದರು. ಅವರ ಹಿಂದೆ ನೀರಜಾಕ್ಷಿ ಟೀಚರ್ ಬಂದರು. "ಈ ಗಂಡಸರಿಗೆ ಎಂತ ಗೊತ್ತುಂಟು ಅಕ್ಕ" ಎಂದು ಅವರದೊಂದು ಹಿಡಿ. ನಾನು ಎಣಿಸಿದ್ದನ್ನು ಎಣಿಸಿದಷ್ಟೇ ಹೇಳುವವಳು: ಹನ್ನೊಂದೂವರೆಯ ಒಳಗೆ ಹನ್ನೊಂದು ಜನ ಬಂದರು. ನನ್ನದು ಸೇರಿದರೆ ಹನ್ನೆರಡು ಹಿಡಿ. ಸೇಸಪ್ಪ ಹಾಕಲಿಲ್ಲ. ಅವನು ಅಷ್ಟು ಹೊತ್ತೂ ತೂತಿನಲ್ಲಿದ್ದ. ಇಳಿದು ಬಂದು ಅವನು ಮಾಡಿದ ಕೆಲಸ ಒಂದೇ, ಬಿಸಿ ಪಾತ್ರೆಯನ್ನು ಎತ್ತಿ ಹಾಲಿಗೆ ಒಯ್ದು ಇಟ್ಟದ್ದು.

ಪಾಯಸ ಎಲೆಗೆ ಬಿತ್ತು. ಮೊದಲ ತುತ್ತಿಗೆ ನೂರ ಎಪ್ಪತ್ತೊಂಬತ್ತು ಜನ ನೀರಿನ ಲೋಟಕ್ಕೆ ಕೈ ಚಾಚಿದರು. ದಾವಣಗೆರೆಯ ಜಯದೇವ ಅವರು, ಬ್ಯಾಂಕಿನವರು, ಅವರೊಬ್ಬರೇ ಅದನ್ನು ಅನ್ನಕ್ಕೆ ಕಲಸಿಕೊಂಡು, "ನಿಮ್ ಕಡೆ ಸಾಂಬಾರ್ ಚೆನ್ನಾಗಿರುತ್ತೆ ಕಣ್ರೀ" ಎಂದು ಎರಡನೇ ಸಲ ಬಡಿಸಿಕೊಂಡರು.

"ಉಪ್ಪು ಉಪ್ಪು ಅಂತ ಬೊಬ್ಬೆ ಹಾಕಿದ್ದು ಯಾರು?" ಎಂದರು ಕರ್ಕೇರರು.

"ಫ್ಯಾನಿನವ."

"ಪಾತ್ರೆ ತಂದದ್ದು?"

"ಅವನೇ."

ಅಷ್ಟೇ ವಿಚಾರಣೆ. ಅಂದಿನಿಂದ ಅವನು ಉಪ್ಪು ಸೇಸಪ್ಪ.

ಹೆಸರಿಟ್ಟರೆ ಮೈಗೆ ಗಾಯವಾಗುವುದಿಲ್ಲ, ಸರಿ. ಆದರೆ ಅವನ ತಾಯಿಮನೆಗೆ ಒಂದು ಹಕ್ಕಿತ್ತು. ವರ್ಷಕ್ಕೊಮ್ಮೆ ಕುಟುಂಬದ ದೈವದ ಮನೆಯಲ್ಲಿ ಊಟವಾಗುವಾಗ ಪಾಯಸ ಬಡಿಸುವವರು ಅವರು. ಸೋದರಮಾವನಿಂದ ಸೋದರಳಿಯನ ಕೈಗೆ ಬರುವ ಒಂದು ಹಿತ್ತಾಳೆ ಸೌಟು ಇದೆ. ಸೌಟು ಹಿಡಿದವನು ಬಡಿಸುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಉಪ್ಪು ಹಾಕಿ ಆಯ್ತಾ" ಎಂದು ಗಟ್ಟಿಯಾಗಿ ಕೇಳಬೇಕು. ಅದು ಕ್ರಮ. ಸೇಸಪ್ಪ ಹದಿನೆಂಟು ವರ್ಷ ಹಾಗೆ ಕೇಳಿದವನು, ರಜೆಯನ್ನು ಅದೇ ತಿಂಗಳಿಗೆ ಹೊಂದಿಸಿಕೊಂಡು. ಏಣಿಯ ಮೇಲಿದ್ದರೂ ಪಾಯಸದ ಪರಿಮಳ ಬಂದ ಕೂಡಲೇ ಬಾಯಿಗೆ ಬಂದುಬಿಟ್ಟಿತ್ತು.

ಸುದ್ದಿ ಫೋನಿನಲ್ಲಿ ಊರಿಗೆ ಹೋಯಿತು. ಮರುವರ್ಷ ಮೇ ತಿಂಗಳಲ್ಲಿ ಅವನು ಊರಿಗೆ ಹೋದಾಗ ಹಿರಿಯರು, "ಈ ವರ್ಷ ನೀನು ಕೂತು ಉಣ್ಣು ಸೇಸು" ಎಂದರಂತೆ. ಸೌಟನ್ನು ಅವನ ಚಿಕ್ಕಮ್ಮನ ಮಗನಿಗೆ ಕೊಟ್ಟರಂತೆ. "ತಪ್ಪು ನನ್ನದಲ್ಲ" ಎಂದು ಅವನು ಹೇಳಿದ್ದಕ್ಕೆ, "ಹಾಗಂತ ಅಲ್ಲಿಯ ಕೂಟದಿಂದ ಕಾಗದ ತಾ. ಮೊಹರು ಇರ್ಬೇಕು" ಎಂದರಂತೆ.

ಜೂನ್ ಹತ್ತನೇ ತಾರೀಕು ಶುಕ್ರವಾರ ಅವನು ಕೂಟದ ತೀರ್ಪು ಮಂಡಳಿಗೆ ಅರ್ಜಿ ಕೊಟ್ಟ. ನಮ್ಮವರ ನಮ್ಮನಮ್ಮೊಳಗಿನ ಜಗಳಗಳನ್ನು ಹೊರಗೆ ಒಯ್ಯದೆ ಮುಗಿಸಲಿಕ್ಕೆ ಮಾಡಿದ ಮಂಡಳಿ ಅದು. ಯಾರ ಕುಕ್ಕರು ಯಾರ ಮನೆಯಲ್ಲಿ ಉಳಿಯಿತು, ಯಾರು ಯಾರ ಜಾಗದಲ್ಲಿ ಕಾರು ನಿಲ್ಲಿಸಿದರು, ಇಂಥವು. ತೀರ್ಪುಗಾರರು ಮೂವರು: ಕರ್ಕೇರರು, ನೀರಜಾಕ್ಷಿ ಟೀಚರ್, ಮತ್ತು ನಿಷ್ಪಕ್ಷಪಾತ ಇರಲಿ ಎಂದು ಘಟ್ಟದ ಮೇಲಿನವರು ಜಯದೇವ. ಸೇಸಪ್ಪನ ಅರ್ಜಿ ಹದಿನೇಳನೇ ನಂಬರು.

ಮಂಡಳಿಯ ನಿಯಮ ಬರೆದವರು ಕಾರ್ಯದರ್ಶಿ ಗಿರಿಧರ್. ಮೈಸೂರಿನವರು, ಎಂಜಿನಿಯರು, ಹೆಂಡತಿಯ ಕಡೆಯಿಂದ ನಮ್ಮ ಕೂಟಕ್ಕೆ ಬಂದವರು, ಒಳ್ಳೆಯ ಮನುಷ್ಯ. ಒಂಬತ್ತನೇ ನಿಯಮದಲ್ಲಿ ಅವರು, ಕಕ್ಷಿದಾರನ ಸಂಬಂಧಿಕರಾದವರು ತೀರ್ಪು ಹೇಳತಕ್ಕದ್ದಲ್ಲ ಎಂದು ಬರೆದಿದ್ದರು. ಮೈಸೂರಿನಲ್ಲಿ ಸಂಬಂಧಿಕರೆಂದರೆ ಎಷ್ಟು ದೂರದವರೆಗೆ ಎಂದು ನನಗೆ ಗೊತ್ತಿಲ್ಲ. ನಮ್ಮಲ್ಲಿ ಮೂರು ಪ್ರಶ್ನೆಯ ದೂರ.

ವಿಚಾರಣೆ ಶುರುವಾಯಿತು. ಸೇಸಪ್ಪ ಎದ್ದು ನಿಂತು, ಕೈಮುಗಿದು, ಅಭ್ಯಾಸದ ಹಾಗೆ ನೀರಜಾಕ್ಷಿ ಟೀಚರಿಗೆ ಕೇಳಿದ. "ಟೀಚರೇ, ನಿಮ್ಮ ಊರು?" ಅವರು ಹೇಳಿದರು. "ಮನೆ?" ಹೇಳಿದರು. "ಬರಿ ಯಾವುದು?"

"ಬಂಗೇರ."

"ಅಯ್ಯೋ ತಂಗಿ!" ಎಂದ ಸೇಸಪ್ಪ. ಅವನ ಕಣ್ಣಲ್ಲಿ ನೀರೇ ಬಂತು. ಎಂಟು ವರ್ಷದಿಂದ ಒಂದೇ ದ್ವೀಪದಲ್ಲಿದ್ದು ತಂಗಿ ಇದ್ದಾಳೆಂದು ಗೊತ್ತಿರಲಿಲ್ಲ ಎಂದು. ಟೀಚರೂ ಅತ್ತರು, ಕುರ್ಚಿಯಿಂದ ಎದ್ದರು. ಒಂಬತ್ತನೇ ನಿಯಮ.

ಕರ್ಕೇರರ ಹೆಂಡತಿ ಬಂಗೇರ. ಎಂದರೆ ಕರ್ಕೇರರು ಅವನಿಗೆ ಭಾವ. ಅವರೂ ಎದ್ದರು. ಉಳಿದದ್ದು ಜಯದೇವ. ಅವರ ಹೆಂಡತಿ ವೇದಾ ಹಿಂದಿನಿಂದ, "ರೀ, ನಮ್ ತಮ್ಮ ಮದ್ವೆ ಆಗಿರೋದು ಮಂಗಳೂರು ಹುಡುಗೀನ ಅಲ್ವಾ, ಅವರೂ ಬಂಗೇರ ಅಂತ ಏನೋ ಅಂತಿದ್ರು" ಎಂದರು.

ಸೇಸಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಹಾಗಾದ್ರೆ ನೀವು ನನಗೆ ಭಾವನ ಭಾವ" ಎಂದ.

ಮೂರು ಕುರ್ಚಿಗಳೂ ಖಾಲಿಯಾದವು. ನಾನು ಚಹಾದ ತಟ್ಟೆ ಹಿಡಿದುಕೊಂಡು ಅಲ್ಲೇ ಇದ್ದೆ. "ಅವನು ಹಾಕಿಲ್ಲ. ಹಾಕಿದವರು ಹನ್ನೊಂದು ಜನ, ನಾನೂ ಸೇರಿ ಹನ್ನೆರಡು. ಹೆಸರು ಹೇಳಲಾ?" ಎಂದೆ.

"ಅಕ್ಕ, ನೀವು ಕೂಟದ ಸದಸ್ಯರಲ್ಲ. ನಿಮ್ಮ ಮಾತು ಕಡತಕ್ಕೆ ಹೋಗುವುದಿಲ್ಲ" ಎಂದರು ಕರ್ಕೇರರು. ಆಮೇಲೆ ಚಹಾ ತೆಗೆದುಕೊಳ್ಳುತ್ತ ಮೆಲ್ಲಗೆ, "ನಾನು ಹಾಕಿದ್ದು ಒಂದು ಹಿಡಿ ಮಾತ್ರ" ಎಂದರು. ಅದು ನಿಜವೇ. ಪ್ರತಿಯೊಬ್ಬರೂ ಹಾಕಿದ್ದು ಒಂದು ಹಿಡಿ ಮಾತ್ರ.

ತೀರ್ಪುಗಾರರು ಸಾಲುವುದಿಲ್ಲ ಎಂದು ಎಲ್ಲರಿಗೂ ಅನಿಸಿತು. ಎರಡು ಸಾವಿರದ ಆರರಲ್ಲಿ ನಿಯಮ ತಿದ್ದಿ ಐದು ಮಾಡಿದರು. ಹೊಸಬರಿಬ್ಬರನ್ನು ಸೇಸಪ್ಪ ಮೂರು ಮೂರು ಪ್ರಶ್ನೆ ಕೇಳಿದ. ಒಬ್ಬರು ಮಾವ, ಒಬ್ಬರು ಚಿಕ್ಕಪ್ಪನ ಕಡೆ.

"ನೀನು ಕೇಳದೆ ಇದ್ರೆ ಎಂತ ಆಗ್ತದೆ ಮಾರಾಯ?" ಎಂದು ಅವನ ರೂಮಿನವನು, ಡ್ರೈವರ್ ಉಮ್ಮರ್ ಕುಂಞಿ, ನನ್ನ ಅಡುಗೆಕೋಣೆಯಲ್ಲೇ ಬೈದ. "ಬಾಯಿ ಮುಚ್ಚಿ ನಿಲ್ಲು. ಕಾಗದ ಸಿಗ್ತದೆ."

"ಆಮೇಲೆ ಗೊತ್ತಾದ್ರೆ? ತಂಗಿ ಕೊಟ್ಟ ತೀರ್ಪು ಅಂತ ಊರಲ್ಲಿ ಹೇಳುದಿಲ್ವಾ? ದೈವದ ಎದುರು ಹಿಡಿಯುವ ಸೌಟು ಕುಂಞಿ. ಕೇಳಿಯೇ ಹಿಡೀಬೇಕು."

"ನನ್ನನ್ನು ಜಡ್ಜು ಮಾಡ್ಲಿ. ನಾನು ಬ್ಯಾರಿ. ನನಗೆ ನಿನ್ನ ಬರಿ ಇಲ್ಲ."

"ನಿನ್ನ ಉಮ್ಮನೂ ನನ್ನ ಅಮ್ಮನೂ ಒಂದೇ ಜಗಲಿಯಲ್ಲಿ ಬೀಡಿ ಕಟ್ಟಿದವರು. ನೀನು ಅಣ್ಣ."

ಉಮ್ಮರ್ ಕುಂಞಿಗೆ ಸಿಟ್ಟು ಬಂದದ್ದು ಹೌದು, ಆದರೆ ಅಣ್ಣ ಎಂದದ್ದಕ್ಕೆ ಅದು ಇಳಿಯಿತು. ಎರಡು ಪತ್ರೊಡೆ ತಿಂದು ಹೋದ.

ಎರಡು ಸಾವಿರದ ಒಂಬತ್ತರ ಕೊನೆಗೆ ಗಿರಿಧರ್ ಒಂದು ಹಾಳೆ ಪ್ರಿಂಟ್ ತೆಗೆದು ತಂದು ಮಹಾಸಭೆಯಲ್ಲಿ ಓದಿದರು. ಅಷ್ಟು ಹೊತ್ತಿಗೆ ಬಾಕಿ ಕೇಸುಗಳು ನಲವತ್ತೊಂದು.

"ನೋಡ್ರೀ, ಅಮೆರಿಕದಲ್ಲೂ ಇದೇ ಪ್ರಾಬ್ಲಮ್ಮು. ಫೆಡರಲ್ ಟ್ರಯಲ್ ಕೋರ್ಟುಗಳಲ್ಲಿ ಕೇಸು ಜಾಸ್ತಿ, ಜಡ್ಜುಗಳು ಕಮ್ಮಿ. ನಂಬರ್ ಜಾಸ್ತಿ ಮಾಡೋಕೆ ಅಂತಾನೇ ಬಿಲ್ ತಂದಿದಾರೆ. ನಾವೂ ಅಮೆಂಡ್‌ಮೆಂಟ್ ಮಾಡ್ಬಿಡೋಣ."

ನೀರಜಾಕ್ಷಿ ಟೀಚರ್ ಕೈ ಎತ್ತಿದರು. "ಅಲ್ಲಿಯೂ ಬರಿ ಕೇಳ್ತಾರಾ?"

"ಗೊತ್ತಿಲ್ಲ ಮೇಡಂ. ಇದ್ರಲ್ಲಿ ಬರೆದಿಲ್ಲ."

"ಅಲ್ಲಿ ಪಾಸಾಯ್ತಾ?" ಎಂದರು ಕರ್ಕೇರರು.

"ಇನ್ನೂ ಇಲ್ಲ ಸಾರ್. ಚರ್ಚೆ ನಡೀತಿದೆ."

"ಹಾಗಾದ್ರೆ ನಮ್ಮದು ಮೊದಲು ಆಗ್ಲಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಅಮೆರಿಕಕ್ಕಿಂತ ಮುಂಚೆ ಎಂದು ಬಹಳ ಸಂತೋಷ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸೇಸಪ್ಪ. ತೀರ್ಪುಗಾರರು ಹನ್ನೊಂದಾದರು.

ಆದರೆ ಅದೇ ತಿದ್ದುಪಡಿಯಲ್ಲಿ, ತೀರ್ಪು ಹೇಳಲು ಮೂರರಲ್ಲಿ ಎರಡು ಪಾಲು ಜನ ಕುಳಿತಿರಬೇಕು ಎಂದೂ ಸೇರಿಸಿದ್ದರು. ಹನ್ನೊಂದಕ್ಕೆ ಎಂಟು ಬೇಕು. ಸೇಸಪ್ಪ ಕೇಳಿ ಮುಗಿಸಿದಾಗ ಉಳಿದವರು ಇಬ್ಬರು. ಎರಡು ಸಾವಿರದ ಹನ್ನೊಂದರಲ್ಲಿ ಇಪ್ಪತ್ತೇಳು ಮಾಡಿದರು. ಇಪ್ಪತ್ತೇಳಕ್ಕೆ ಹದಿನೆಂಟು ಬೇಕು, ಉಳಿದವರು ಐದು. ಜಾಸ್ತಿ ಮಾಡಿದಷ್ಟೂ ಸೇಸಪ್ಪನ ಕುಟುಂಬ ದೊಡ್ಡದಾಯಿತು. ಒಬ್ಬನೇ ಬಂದಿದ್ದವನಿಗೆ ಈಗ ಈಸಾ ಟೌನಿನಲ್ಲಿ ನಾಲ್ಕು ತಂಗಿಯರು, ರಿಫಾದಲ್ಲಿ ಇಬ್ಬರು ಅಳಿಯಂದಿರು. ಹಬ್ಬಕ್ಕೆ ಅವನನ್ನು ಎಲ್ಲರೂ ಊಟಕ್ಕೆ ಕರೆಯುತ್ತಿದ್ದರು. ಪಾಯಸ ಮಾತ್ರ ಅವನ ಕೈಗೆ ಕೊಡುತ್ತಿರಲಿಲ್ಲ. ಮನೆಯವರೇ ಬಡಿಸುತ್ತಿದ್ದರು, ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಇನ್ನೊಂದು ತೊಂದರೆ ಬಂತು. ಇಪ್ಪತ್ತೇಳು ತೀರ್ಪುಗಾರರಿಗೆ ಕುರ್ಚಿ ಹಾಕಿದರೆ ಕಕ್ಷಿದಾರರಿಗೆ ಜಾಗವಿಲ್ಲ. ಅವರು ಅಂಗಳದಲ್ಲಿ ಬಿಸಿಲಿಗೆ ನಿಂತು ಕಿಟಕಿಯಿಂದ ಮಾತಾಡಬೇಕು. ಎ.ಸಿ.ಯ ಕೆಳಗೆ ಯಾರು ಕುಳಿತುಕೊಳ್ಳಬೇಕು ಎಂದು ತೀರ್ಪುಗಾರರೇ ಒಬ್ಬರ ಮೇಲೊಬ್ಬರು ಅರ್ಜಿ ಹಾಕಿದರು. ಆ ವರ್ಷದ ಹೊಸ ಕೇಸುಗಳಲ್ಲಿ ಹದಿನಾಲ್ಕು ಅವೇ. ಒಂದು ಜುಲೈ ಶುಕ್ರವಾರ ಸೇಸಪ್ಪನ ವಿಚಾರಣೆಯ ನಡುವೆ ಎ.ಸಿ. ನಿಂತಿತು. ತೀರ್ಪುಗಾರರು ಬೆವರು ಒರೆಸಿಕೊಳ್ಳುತ್ತ ಕಿಟಕಿಯ ಹೊರಗೆ ನೋಡಿದರು. ಸೇಸಪ್ಪ ಒಳಗೆ ಬಂದು, ಏಣಿ ಹತ್ತಿ, ರಿಪೇರಿ ಮಾಡಿ, ಇಳಿದು, ಪುನಃ ಕಿಟಕಿಯ ಹೊರಗೆ ಹೋಗಿ ನಿಂತ. "ಈಗ ಕೇಳ್ಬಹುದು" ಎಂದ.

ಎರಡು ಸಾವಿರದ ಹನ್ನೆರಡರ ಮಹಾಸಭೆಯಲ್ಲಿ ಯಾರಿಗೂ ಬೇಜಾರಾಗಬಾರದೆಂದು ಅರವತ್ತನಾಲ್ಕು ಸದಸ್ಯರನ್ನೂ ತೀರ್ಪುಗಾರರೆಂದು ಮಾಡಿದರು. ಎಲ್ಲರಿಗೂ ಬ್ಯಾಡ್ಜು ಬಂತು. ಅರವತ್ತನಾಲ್ಕನೆಯ ಬ್ಯಾಡ್ಜು ಸೇಸಪ್ಪನದು.

ಮುಂದಿನ ಶುಕ್ರವಾರ ಅವನು ಬ್ಯಾಡ್ಜು ಹಾಕಿಕೊಂಡು ಬಂದು ತನ್ನ ಕೇಸಿನ ನಂಬರು ಕೂಗುವುದನ್ನು ಕಾದ. ಗಿರಿಧರ್ ನಿಯಮದ ಪುಸ್ತಕ ತಿರುವಿದರು.

"ಸೇಸಪ್ಪ ಅವರೇ, ಒಂದು ಪಾಯಿಂಟ್ ಇದೆ. ತೀರ್ಪುಗಾರರ ಮೇಲೆ ಆರೋಪ ವಿಚಾರಣೆ ಮಾಡೋ ಹಾಗಿಲ್ಲ. ನೀವೀಗ ತೀರ್ಪುಗಾರರು."

"ಹಾಗಾದ್ರೆ ನನ್ನ ಮೇಲೆ ಆರೋಪ ಇಲ್ಲ ಅಂತ ಆಯ್ತಲ್ಲ. ಅದನ್ನೇ ಬರೆದು ಮೊಹರು ಹಾಕಿ."

"ಇದೆ. ಆದ್ರೆ ಕೇಳೋ ಹಾಗಿಲ್ಲ."

"ನಾನು ರಾಜೀನಾಮೆ ಕೊಟ್ರೆ?"

"ಕೊಡ್ಬಹುದು. ಅದನ್ನ ಮಂಡಳಿ ಒಪ್ಪಬೇಕು."

ರಾಜೀನಾಮೆಗೆ ಎಪ್ಪತ್ತೆಂಟನೇ ನಂಬರು ಸಿಕ್ಕಿತು. ಅದು ವಿಚಾರಣೆಗೆ ಬಂದ ದಿನ ನಲವತ್ತೊಂಬತ್ತು ಜನ ಸಂಬಂಧಿಕರು ಎದ್ದು ಹೊರಗೆ ಹೋದರು. ಆ ದಿನ ನಾನು ಅರವತ್ತನಾಲ್ಕು ಚಹಾ ಮಾಡಿದ್ದೆ, ನಲವತ್ತೊಂಬತ್ತನ್ನು ಅಂಗಳಕ್ಕೆ ಒಯ್ದೆ.

ಎರಡು ಸಾವಿರದ ಹದಿಮೂರು ಮಾರ್ಚಿಗೆ ಸೇಸಪ್ಪನಿಗೆ ಅರವತ್ತು ತುಂಬಿತು. ಕಂಪನಿ ವೀಸಾ ಮುಗಿಸಿತು. ಹದಿನೇಳನೇ ತಾರೀಕು ಭಾನುವಾರ ವಿಮಾನ. ಮೇ ತಿಂಗಳಲ್ಲಿ ಊರಲ್ಲಿ ದೈವದ ಊಟ. ಸೌಟು ಹಿಡಿದಿದ್ದ ಚಿಕ್ಕಮ್ಮನ ಮಗ ಕೆಲಸಕ್ಕೆಂದು ಮಸ್ಕತ್ತಿಗೆ ಹೋಗಿದ್ದ. ಈ ಸಲ ಕಾಗದ ತೋರಿಸಿದರೆ ಸೌಟು ಸೇಸಪ್ಪನಿಗೆ, ಇಲ್ಲದಿದ್ದರೆ ಬೇರೆ ಕವಲಿನವರಿಗೆ ಶಾಶ್ವತವಾಗಿ ಹೋಗುತ್ತದೆ ಎಂದು ಹಿರಿಯರು ಹೇಳಿ ಕಳುಹಿಸಿದ್ದರು.

ಹದಿನೈದನೇ ತಾರೀಕು ಶುಕ್ರವಾರ ಮಧ್ಯಾಹ್ನ ಗಿರಿಧರ್ ಓಡಿಕೊಂಡು ಅಡುಗೆಕೋಣೆಗೆ ಬಂದರು. ಹಿಂದೆ ಸೇಸಪ್ಪ, ಅವನ ಹಿಂದೆ ಉಮ್ಮರ್ ಕುಂಞಿ.

"ಅಮ್ಮಣ್ಣಿಯಕ್ಕ, ಸಿಕ್ತು! ಮೂವತ್ತೊಂದನೇ ನಿಯಮ. ನಾನೇ ಬರೆದು ನಾನೇ ಮರೆತಿದ್ದೆ. ಮಂಡಳಿಗೆ ತೀರ್ಪು ಹೇಳೋಕೆ ಆಗ್ದೇ ಇದ್ರೆ, ಕಣ್ಣಾರೆ ಕಂಡಿರೋ, ಸದಸ್ಯರಲ್ಲದ, ಸಂಬಂಧಿಕರೂ ಅಲ್ಲದ ಒಬ್ಬರು ಹೇಳ್ಬಹುದು. ಈ ದೇಶದಲ್ಲಿ ಸದಸ್ಯರಲ್ಲದೇ ಇದನ್ನ ನೋಡಿರೋರು ನೀವೊಬ್ಬರೇ."

"ನಾನು ಒಂಬತ್ತು ವರ್ಷದಿಂದ ಹೇಳ್ತಾ ಇದ್ದೇನಲ್ಲಪ್ಪ" ಎಂದೆ.

"ಆಗ ನೀವು ಹೇಳಿದ್ದು ಸಾಕ್ಷಿ. ಇದು ತೀರ್ಪು."

ಉಮ್ಮರ್ ಕುಂಞಿ ಒಲೆಯ ಪಕ್ಕದ ಕಟ್ಟೆ ಒರೆಸಿ ಕಾಗದ ಇಟ್ಟ. ಗಿರಿಧರ್ ಮೊದಲೇ ಟೈಪ್ ಮಾಡಿಸಿ ತಂದಿದ್ದರು: ದಿನಾಂಕ ಆರು ಎಂಟು ಎರಡು ಸಾವಿರದ ನಾಲ್ಕರಂದು ಪಾಯಸಕ್ಕೆ ಉಪ್ಪು ಹೆಚ್ಚಾದುದರಲ್ಲಿ ಸೇಸಪ್ಪನವರ ಕೈ ಇರಲಿಲ್ಲ. ನಾನು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ, ಎರಡು ಸಲ ಓದಿದೆ. ತಪ್ಪೇನೂ ಇರಲಿಲ್ಲ. ಕೆಳಗೆ ಸಹಿಗೆ ಗೆರೆ, ಪಕ್ಕದಲ್ಲಿ ಮೊಹರಿಗೆ ಜಾಗ. ಗಿರಿಧರ್ ಮೊಹರಿನ ಡಬ್ಬಿ ತೆರೆದು ಹಿಡಿದುಕೊಂಡರು.

ಸೇಸಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಕೂದಲು ಪೂರಾ ನರೆತಿತ್ತು. ಒಂಬತ್ತು ವರ್ಷದ ಹಿಂದೆ ಅವನು ಸರಿಮಾಡಿಕೊಟ್ಟ ಫ್ಯಾನು ತಲೆಯ ಮೇಲೆ ಇನ್ನೂ ತಿರುಗುತ್ತಿತ್ತು. ಅವನು ಅದನ್ನೊಮ್ಮೆ ನೋಡಿದ, ಒಲೆಯ ಮೇಲಿನ ಚಹಾದ ಹಾಲನ್ನು ನೋಡಿದ. ಹಾಲು ಉಕ್ಕುವ ಹಾಗಿರಲಿಲ್ಲ, ನಾನು ಆಗಲೇ ಉರಿ ತಗ್ಗಿಸಿದ್ದೆ.

"ಹಾಕಿ ಅಕ್ಕ, ಬೇಗ ಹಾಕಿ" ಎಂದ ಉಮ್ಮರ್ ಕುಂಞಿ. "ಇವನು ಬಾಯಿ ತೆರೆಯುವ ಮೊದಲು ಹಾಕಿ."

ನಾನು ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡೆ. ನನ್ನ ಹೆಸರು ಬರೆಯಲು ನನಗೆ ಸ್ವಲ್ಪ ಹೊತ್ತು ಬೇಕು. ಮೊದಲ ಅಕ್ಷರ ಬರೆದೆ. ಎರಡನೆಯದಕ್ಕೆ ಒತ್ತು ಕೊಡುತ್ತಿದ್ದಾಗ ಸೇಸಪ್ಪ ಒಂದು ಹೆಜ್ಜೆ ಮುಂದೆ ಬಂದು, ಎರಡೂ ಕೈ ಜೋಡಿಸಿ, ತುಂಬ ಮರ್ಯಾದೆಯಿಂದ ಕೇಳಿದ:

"ಒಂದು ನಿಮಿಷ ಅಮ್ಮಣ್ಣಿಯಕ್ಕ. ಆವತ್ತು ಊರು ಕೇಳಿದ್ದೆ, ಮನೆ ಕೇಳಿದ್ದೆ. ನಿಮ್ಮದು ಬರಿ ಯಾವುದು?"